ಜ್ವರವಿಲ್ಲದ ಸೋಮವಾರ

ಭಾಗ್ಯ ಅತ್ತಿಗೆ ಕಾರಣ ಕೊಡುತ್ತಿರಲಿಲ್ಲ. ಮದುವೆಗೆ ಯಾಕೆ ಬರಲಿಲ್ಲ ಎಂದು ಯಾರಾದರೂ ಕೇಳಿದರೆ "ಬರ್ನಿಲ್ಲ" ಎನ್ನುತ್ತಿದ್ದಳು. ಕೇಳಿದವರು ಕಾಯುತ್ತಿದ್ದರು. ಬಸ್ಸು ತಪ್ಪಿತು, ಹಸು ಕರು ಹಾಕಿತು, ಏನಾದರೊಂದು ಹಿಂದೆಯೇ ಬರುತ್ತದೆ ಎಂದು. ಬರುತ್ತಿರಲಿಲ್ಲ. ಅವಳು ಅವರ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದಳು. ಕೊನೆಗೆ ಕೇಳಿದವರೇ ಒಂದು ಕಾರಣ ಹುಡುಕಿ ಅವಳ ಕೈಗಿಟ್ಟು ಹೋಗುತ್ತಿದ್ದರು: "ಕೆಲ್ಸ ಇತ್ತೇನೋ ಬುಡು."

ಇದು ಅವಳ ಹುಟ್ಟುಗುಣ ಎಂದು ಬರೆದುಬಿಟ್ಟರೆ ಸುಲಭ. ಆದರೆ ಮದುವೆಯಾಗಿ ಬಂದ ಹೊಸದರಲ್ಲಿ ಅವಳೂ ಎಲ್ಲರ ಹಾಗೆ ಸಣ್ಣಪುಟ್ಟ ಸುಳ್ಳು ಹೇಳುತ್ತಿದ್ದಳು ಎಂದು ಅಣ್ಣ ಹೇಳುತ್ತಾನೆ. ನನಗೆ ಆ ಭಾಗ್ಯ ನೆನಪಿಲ್ಲ. ನೆನಪು ಮನುಷ್ಯರನ್ನು ಒಂದೇ ಭಂಗಿಯಲ್ಲಿ ನಿಲ್ಲಿಸಿಬಿಡುತ್ತದೆ. ನಾನು ಅದನ್ನು ನಂಬುವುದಿಲ್ಲ, ಬೇರೆ ಗತಿಯಿಲ್ಲದೆ ಬಳಸುತ್ತಿದ್ದೇನೆ.

ನಮ್ಮದು ಪಾಂಡವಪುರದ ಪಕ್ಕದ ಹಳ್ಳಿ. ಕಬ್ಬು, ಭತ್ತ, ಕೊಟ್ಟಿಗೆ ತುಂಬ ಹಾಲಿನ ಹಸು. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ ಮತ್ತು ಪೇಟೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನು. ಪಾಂಡವಪುರ, ಶ್ರೀರಂಗಪಟ್ಟಣದ ನಾವು ಕೆಲವರು ಒಂದು ಗುಂಪು ಕಟ್ಟಿಕೊಂಡು ಟ್ರಯಥ್ಲಾನಿಗೆ ತಯಾರಾಗುತ್ತಿದ್ದೆವು. ಈಜು ಮುಗಿಸಿ ಒದ್ದೆ ಮೈಯಲ್ಲೇ ಸೈಕಲ್ ಹತ್ತಬೇಕು, ಸೈಕಲ್ ಇಳಿದು ಓಡಬೇಕು. ನಡುವೆ ಕೂರುವ ಹಾಗಿಲ್ಲ. ಒಂದು ಭಾನುವಾರ ನಾನು ತೊಣ್ಣೂರು ಕೆರೆಗೆ ಹೊರಟಾಗ ಅತ್ತಿಗೆ ಹಾಲಿನ ಕ್ಯಾನು ಕೆಳಗಿಟ್ಟು, "ತಡಿ, ನಾನೂ ಬತ್ತೀನಿ" ಎಂದಳು. ಬೆಳಗೊಳದಲ್ಲಿ ಹುಟ್ಟಿದವಳು, ನಾಲೆಯ ನೀರಿನಲ್ಲಿ ಬೆಳೆದವಳು.

"ಎಷ್ಟ್ ವರ್ಸ ಆಯ್ತು ಅತ್ಗೆ ಈಜಿ?"

"ಮದ್ವೆಯಾಗಿ ಎಷ್ಟಾಯ್ತೋ ಅಷ್ಟು."

ಚೂಡಿದಾರದಲ್ಲೇ ನೀರಿಗಿಳಿದಳು. ಅವಳು ನಮ್ಮೆಲ್ಲರನ್ನೂ ಹಿಂದೆ ಹಾಕಿದಳು ಎಂದು ಗುಂಪಿನವರು ಈಗ ಹೇಳುತ್ತಾರೆ. ಹಾಕಲಿಲ್ಲ. ಅರ್ಧ ದಾರಿಯಲ್ಲಿ ಅಂಗಾತ ತಿರುಗಿ ನೀರಿನ ಮೇಲೆ ಮಲಗಿದಳು. ನಾನು ಗಾಬರಿಯಿಂದ ಹತ್ತಿರ ಹೋದರೆ, "ಓಗ್ಲಾ ನೀನು, ನಂಗೆ ಸಾಕಾಯ್ತು, ಸುಧಾರ್ಸ್ಕಂಡ್ ಬತ್ತೀನಿ" ಎಂದಳು. ಸಾಕಾಯಿತು ಎನ್ನುವ ಮಾತನ್ನು ನಮ್ಮ ಗುಂಪಿನಲ್ಲಿ ಅದುವರೆಗೆ ಯಾರೂ ಬಾಯಿಬಿಟ್ಟು ಆಡಿರಲಿಲ್ಲ.

ಊರು ಅವಳ ಓಟಕ್ಕೆ ಬೇಗನೆ ಒಗ್ಗಿಕೊಂಡಿತು. ಹಾಲು ಕರೆದು ಡೇರಿಗೆ ಹಾಕಿ ನಾಲೆ ಏರಿಯ ಮೇಲೆ ಓಡುವುದು, ನನ್ನ ಹಳೆಯ ಸೈಕಲ್ಲಿನಲ್ಲಿ ನಾಗಮಂಗಲದ ರಸ್ತೆ ಹಿಡಿಯುವುದು, ಇವೆಲ್ಲ ನೋಡುವವರ ಕಣ್ಣಿಗೆ ಒಂಥರಾ ದುಡಿಮೆಯೇ. ಬೆವರು ಬರುತ್ತಿತ್ತಲ್ಲ! ಅವ್ವ ಕೂಡ, "ಏನೋ ಒಂದು, ಮೈ ಬಗ್ಸ್ತಾಳೆ" ಎಂದು ಸುಮ್ಮನಾಗಿದ್ದಳು. ಜಗಳ ಶುರುವಾದದ್ದು ಅವಳು ಓಡಿದ್ದಕ್ಕಲ್ಲ, ಮಲಗಿದ್ದಕ್ಕೆ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವನ ದಿನ. ಅಪ್ಪ ಇದ್ದಾಗ ಅವತ್ತು ಎತ್ತುಗಳು ಮೈ ತೊಳೆಸಿಕೊಂಡು ಹುಣಸೆ ಮರದ ಕೆಳಗೆ ಮೆಲುಕು ಹಾಕುತ್ತಿದ್ದವು. ಆಮೇಲೆ ಎತ್ತು ಮಾರಿ ಟ್ರಾಕ್ಟರು ತಂದೆವು. ಟ್ರಾಕ್ಟರಿಗೆ ವಾರವಿಲ್ಲ. ಹಾಗಾಗಿ ಮನೆಯಲ್ಲಿ ಒಂದು ರಜೆ ಯಾರಿಗೂ ಬೇಡವಾಗಿ ಬಿದ್ದಿತ್ತು. ಅದನ್ನು ಅತ್ತಿಗೆ ಎತ್ತಿಕೊಂಡಳು. "ಸ್ವಾಮಾರ ನಂದು" ಎಂದಳು. ಅವತ್ತು ಓಟವಿಲ್ಲ, ಸೈಕಲ್ಲಿಲ್ಲ, ಕೊಟ್ಟಿಗೆಯಿಲ್ಲ, ಒಲೆಯಿಲ್ಲ. ಹಾಲು ಕರೆಯುವುದು ಅಣ್ಣನ ಪಾಲಿಗೆ. ನಡುಮನೆಯಲ್ಲಿ ಚಾಪೆ ಹಾಸಿ, ಹಗಲು ಹೊತ್ತಿನಲ್ಲಿ, ತಲೆಬಾಗಿಲು ತೆರೆದಿಟ್ಟುಕೊಂಡು ಮಲಗುತ್ತಿದ್ದಳು.

ನಾನು ವಾರಪೂರ್ತಿ ಓಡುತ್ತಿದ್ದೆ. ಭಾನುವಾರ ಮೈ ಹಗುರಾಗಿದ್ದರೆ, "ನಾಳೆ ಮೇಲುಕೋಟೆ ಬೆಟ್ಟ ಹತ್ತೋಣ ಅತ್ಗೆ" ಎನ್ನುತ್ತಿದ್ದೆ.

"ಮುದ್ದೆಗೆ ಇಟ್ಟು ಆಕಿದ್ ತಕ್ಷಣ ಕೋಲಾಕಿ ತಿರುವ್ತೀಯೇನ್ಲಾ? ಗಂಟಾಯ್ತದೆ. ಮುಟ್ದೆ ಬೇಯಕ್ಕೆ ಬುಡ್ಬೇಕು. ಮೈಯೂ ಅಂಗೇ."

"ಮನೇವ್ರ್ ಬೈತಾರಲ್ಲ?"

"ಬೈಲಿ. ಅದು ಅವ್ರ್ ಕೆಲ್ಸ. ಅವ್ರ್ಗೆ ಸ್ವಾಮಾರ ರಜ ಇಲ್ವಲ್ಲ."

ವಿಚಿತ್ರವೆಂದರೆ ಅವಳಿಗೆ ಆ ದಿನವನ್ನು ಕೊಡಲು ಅವ್ವ ಸಿದ್ಧಳಿದ್ದಳು. ಒಂದೇ ಷರತ್ತು. "ತಲೆ ನೋವು ಅನ್ನು, ಸೊಂಟ ನೋವು ಅನ್ನು, ಬಂದೋರ್ಗೆ ನಾನೇ ಯೋಳ್ಕತೀನಿ. ಗಟ್ಟಿಮುಟ್ಟಾಗಿರೋಳು ಅಗಲೊತ್ನಲ್ಲಿ ಮನೀಕಂಡ್ರೆ ನೋಡ್ದೋರು ಏನಂದಾರು?" ನಮ್ಮ ಮನೆಗಳಲ್ಲಿ ಹೆಂಗಸರಿಗೆ ವಿಶ್ರಾಂತಿ ಸಿಗುವ ಬಾಗಿಲು ಅದೊಂದೇ, ಕಾಯಿಲೆ. ಅತ್ತಿಗೆ ಆ ಬಾಗಿಲಿನಿಂದ ಒಳಗೆ ಹೋಗಲು ಒಪ್ಪಲಿಲ್ಲ. ನೋವಿಲ್ಲದ, ಜ್ವರವಿಲ್ಲದ, ಪೂರ್ತಿ ಆರೋಗ್ಯದ ರಜೆಯೇ ಅವಳಿಗೆ ಬೇಕಿತ್ತು.

ಆಮೇಲೆ ನನಗೆ ಹೆಣ್ಣು ಕೊಡುವವರು ಕೆ.ಆರ್. ಪೇಟೆ ಕಡೆಯಿಂದ ಮನೆ ನೋಡಲು ಬಂದರು. ಹೇಳದೆ ಕೇಳದೆ, ಮಧ್ಯಾಹ್ನ, ಸೋಮವಾರ. ಹುಡುಗಿಯ ಸೋದರಮಾವ ಹೊಸಿಲು ದಾಟುತ್ತಲೇ ಚಾಪೆ ಕಂಡು ನಿಂತ. ಅತ್ತಿಗೆ ಎದ್ದು ಕೂತು ಕೈಮುಗಿದು, "ಬನ್ನಿ ಅಣ್ಣ, ಕೂತ್ಕಳಿ" ಎಂದು ಮತ್ತೆ ಮಲಗಿದಳು.

"ತಂಗೀಗೆ ಮೈ ಉಸಾರಿಲ್ವಾ?"

"ಜರ," ಅವ್ವ ಓಡಿ ಬಂದು ಹೇಳಿದಳು. "ನೆನ್ನೆಯಿಂದ ಕೆಂಡದಂತಾ ಜರ."

ಚಾಪೆಯಿಂದ ದನಿ ಬಂತು. "ಜರ ಇಲ್ಲ ಕಣಣ್ಣ. ಇವತ್ತು ಸ್ವಾಮಾರ. ನಂಗೆ ರಜ."

ಆತ ನಕ್ಕ. "ಯಾವ್ ಆಪೀಸಲ್ಲವ್ವ ಕೆಲ್ಸ?"

"ಇದೇ ಆಪೀಸು," ಅತ್ತಿಗೆ ಸೂರಿನ ಕಡೆ ಕೈ ತೋರಿಸಿದಳು. "ಕಾಪಿ ಇವ್ರು ಮಾಡ್ತರೆ. ರೀ, ಪುಡಿ ಮೇಲ್ಗಡೆ ಡಬ್ಬೀಲದೆ."

ಅಣ್ಣ ಕಾಫಿ ಮಾಡಿದ. ಅವನು ಲೋಟ ಹಿಡಿದು ಹೊರಗೆ ಬಂದದ್ದನ್ನು ನೋಡಿ ಬಂದವರು ಯಾವ ಕಡೆ ತಿರುಗಬೇಕೆಂದು ತಿಳಿಯದೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕುಡಿದರು.

ಆ ಸಂಬಂಧ ಮುರಿಯಿತು. ಹಗಲಲ್ಲಿ ಮಲಗುವ ಹೆಂಗಸಿರುವ ಮನೆ ಎಂದು ಅವರು ಬೇಡವೆಂದರು ಎನ್ನುವುದು ಅವ್ವನ ಕಥೆ. ನನ್ನ ವಯಸ್ಸೋ, ಜಮೀನು ಇನ್ನೂ ಪಾಲಾಗದಿರುವುದೋ ಇರಬಹುದು, ಯಾರೂ ಹೋಗಿ ಕೇಳಲಿಲ್ಲ. ಅವ್ವನಿಗೆ ಒಂದೇ ಕಾರಣ ಸಾಕಾಗಿತ್ತು. ಬಹಳ ದಿನ ಅತ್ತಿಗೆಯೊಡನೆ ಮಾತು ಬಿಟ್ಟಳು. "ನಿನ್ನಿಂದ ನನ್ ಮಗನ್ ಬಾಳು ಆಳಾಯ್ತು. ಒಂದ್ ಜರ ಅಂದಿದ್ರೆ ನಿನ್ ಗಂಟೇನ್ ಓಗ್ತಿತ್ತು?" ಎಂದು ಕೊನೆಗೊಮ್ಮೆ ಕೇಳಿದ್ದಕ್ಕೆ ಅತ್ತಿಗೆ, "ಇವತ್ತು ಜರ ಅಂದ್ರೆ ಮುಂದಿನ್ ವಾರವೂ ಜರನೇ ಬರ್ಬೇಕು ಕಣತ್ತೆ" ಎಂದಳು. ಅವ್ವನಿಗೆ ಅವಳು ಕಾರಣ ಕೊಟ್ಟದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮೈಸೂರಿನ ಆಚೆ ನಡೆದ ಸ್ಪರ್ಧೆಯಲ್ಲಿ ಅವಳು ಗೆದ್ದಳು ಎಂದು ಬರೆಯಲು ಕೈ ತುರಿಸುತ್ತದೆ. ಗೆಲ್ಲಲಿಲ್ಲ. ಕೊನೆಯವರ ಗುಂಪಿನಲ್ಲಿ, ಹೊತ್ತು ಮೀರುವ ಮೊದಲು, ಬರಿಗಾಲಿನಲ್ಲಿ ಬಂದಳು. ಶೂ ಕಚ್ಚುತ್ತದೆಂದು ದಾರಿಯಲ್ಲಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಏಳೂ ದಿನ ಓಡಿದ ನಾನು ನೋಯುವ ಮೊಣಕಾಲಿನ ಕೆಳಗೆ ಪಟ್ಟಿ ಕಟ್ಟಿಕೊಂಡು ಬೇಲಿಯ ಹೊರಗೆ ಅವಳ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಮರುದಿನ ಊರಿನ ಹುಡುಗರು ಹಾರ ಹಿಡಿದು ಮನೆಗೆ ಬಂದರು. ಅವತ್ತು ಸೋಮವಾರ. ಚಾಪೆಯ ಮೇಲಿಂದಲೇ "ನಾಳೆ ಬನ್ರಪ್ಪ" ಎಂದಳು. ಮರುದಿನ ಯಾರೂ ಬರಲಿಲ್ಲ. ಅದಕ್ಕೂ ನಕ್ಕಳು.

ಅದಾದ ಮುಂದಿನ ವರ್ಷ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಓಡಿ ಓಡಿ ಹೀಗಾಯಿತು ಎಂದು ಊರಿನ ಅರ್ಧ ಜನ, ಮಲಗಿ ಮಲಗಿ ಹೀಗಾಯಿತು ಎಂದು ಉಳಿದರ್ಧ. ಮೈಸೂರಿನ ಆಸ್ಪತ್ರೆಯಲ್ಲಿ ನಾನು ಕೊನೆಯ ಸಲ ನೋಡಿದಾಗ ಅವಳ ತೋಳು ನನ್ನ ಮಣಿಕಟ್ಟಿನಷ್ಟಿತ್ತು. ನರ್ಸು ಹೊದಿಕೆ ಸರಿಮಾಡುತ್ತ, "ಏನೂ ಯೋಚ್ನೆ ಮಾಡ್ಬೇಡಿ ಅಮ್ಮ, ಚೆನ್ನಾಗಿ ರೆಸ್ಟ್ ತಗೊಳ್ಳಿ" ಎಂದಳು.

"ಇದ ರೆಸ್ಟು ಅನ್ಬೇಡ ಕಣವ್ವ," ಅತ್ತಿಗೆ ಕಣ್ಣು ತೆರೆಯದೆ ಹೇಳಿದಳು. "ಇದು ಬಿದ್ದಿರೋದು. ರೆಸ್ಟು ನಾನ್ ತಗಂಡಿವ್ನಿ. ಅದೆಂಗಿರ್ತದೆ ಅಂತ ನಂಗೊತ್ತು."

ಅವತ್ತು ಯಾವ ವಾರವೋ ನೆನಪಿಲ್ಲ. ಸೋಮವಾರ ಎಂದು ಬರೆದರೆ ಚೆನ್ನಾಗಿ ಕೂರುತ್ತದೆ. ಬರೆಯುವುದಿಲ್ಲ.

ತಿಥಿಯ ದಿನ ಬಸ್ ಸ್ಟಾಪಿನ ಹತ್ತಿರ ಹುಡುಗರು ಫ್ಲೆಕ್ಸ್ ಕಟ್ಟಿದ್ದರು. ಅವಳ ಫೋಟೊ, ಹೆಸರು, ಕೆಳಗೆ ಒಂದು ಸಾಲು. ಅವ್ವನಿಗೆ ಓದು ಬರುವುದಿಲ್ಲ. "ಏನ್ ಬರ್ದವ್ರೆ ಓದ್ಲಾ" ಎಂದಳು.

"ಚಿರವಿಶ್ರಾಂತಿ ಅಂತವ್ವ."

"ಅಂಗಂದ್ರೆ?"

"ಇನ್ಮೇಲೆ ಯಾವಾಗ್ಲೂ ರೆಸ್ಟು ಅಂತ."

ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಯಾರ್ಲಾ ಇವ್ರು ಅವ್ಳ್ಗೆ ರೆಸ್ಟು ಕೊಡಕ್ಕೆ? ಬೇಕು ಅಂದಾಗ ಅವ್ಳೇ ತಗಂಡೋಳು. ನನ್ ಎದ್ರಿಗೇ, ನೆಂಟ್ರ ಎದ್ರಿಗೇ ತಗಂಡೋಳು. ಸತ್ತೋಳ್ಗೆ ಕೊಡ್ತಾವ್ರಂತೆ! ತೆಗಿ ಅದ."

ಅವ್ವ ಅವತ್ತು ಸೊಸೆಯನ್ನು ಹೊಗಳಿದಳು ಎಂದು ಅಣ್ಣ ಹೇಳಿಕೊಂಡು ತಿರುಗುತ್ತಾನೆ. ಅವನು ಅಲ್ಲಿರಲಿಲ್ಲ, ನಾನಿದ್ದೆ. ಅವ್ವನ ದನಿಯಲ್ಲಿದ್ದದ್ದು ಸಿಟ್ಟು, ನೆಂಟರು ಬಂದಿದ್ದ ಆ ಮಧ್ಯಾಹ್ನದ ಸಿಟ್ಟು, ಒಂದಿಷ್ಟೂ ಆರಿರಲಿಲ್ಲ. ಹಾಗೇ ಇರಲಿ. ಎಳನೀರಿನವನ ಮಚ್ಚು ಇಸಿದುಕೊಂಡು ಕಟ್ಟೆ ಹತ್ತಿ ಆ ಸಾಲನ್ನು ಮಾತ್ರ ಕೊಯ್ಯತೊಡಗಿದೆ.

"ಏ, ಏನಣ್ಣ, ನಾವ್ ಮಾಡ್ಸಿರೋದು ಅದು!" ಹುಡುಗರು ಓಡಿ ಬಂದರು.

ಅವ್ವ ಅವರಿಗೆ ಅಡ್ಡ ನಿಂತಳು. ಅವರ ಕಡೆ ನೋಡಲಿಲ್ಲ, ತಲೆಯೆತ್ತಿ ಬೋರ್ಡನ್ನೇ ನೋಡುತ್ತಿದ್ದಳು.

"ಆ ತುದೀಲಿ ಇನ್ನೊಂದಕ್ಸರ ಬುಟ್ಟಿದ್ದೀಯ ಕಣ್ಲಾ. ಅದ್ನೂ ಕುಯ್ಯಿ."