ಚಿಸೆಯ ನೀಲಿ ಗೆರೆಗಳು

ಕ್ಯೋಟೋದ ನಮ್ಮ ಕೆಲಸದ ಮನೆಯಲ್ಲಿ ಕಿನುಯೊ ಅಕ್ಕ ಮೂವತ್ತೆಂಟು ವರ್ಷ ಹಳೆಯ ಚಿತ್ರಗಳ ಬಣ್ಣ ಕಾಯುವ ಕೆಲಸ ಮಾಡಿದಳು. ಕಾಗದದ ಚಿತ್ರವನ್ನು ತೊಳೆಯುವ ಮೊದಲು ಬಣ್ಣ ಕದಡದಂತೆ ಎತ್ತಿನ ಚರ್ಮ ಕುದಿಸಿ ಮಾಡಿದ ತೆಳು ಅಂಟನ್ನು ಕುಂಚದ ತುದಿಯಿಂದ ಹಚ್ಚಬೇಕು. ಅಂಟಿನ ಹದವನ್ನು ಅವಳು ನಾಲಿಗೆಯಲ್ಲೇ ನೋಡುತ್ತಿದ್ದಳು. "ಮಧ್ಯಾಹ್ನದ ಅನ್ನಕ್ಕೂ ಎತ್ತಿನ ಚರ್ಮದ ರುಚಿ ಕಣೇ" ಎಂದು ನನ್ನ ಹತ್ತಿರ ಗೊಣಗುತ್ತಿದ್ದಳು. ಕೆಂಪಾಗಲಿ, ಕಲ್ಲರೆದ ಹಸಿರಾಗಲಿ, ಅವಳ ಕೈಯಲ್ಲಿ ಹಾಳಾದದ್ದನ್ನು ನಾನು ಕಂಡಿರಲಿಲ್ಲ.

ಒಂದು ಸೆಪ್ಟೆಂಬರಿನಲ್ಲಿ ಚಂಡಮಾರುತ ಬಂದುಹೋದ ಮಾರನೆಯ ದಿನ ಪಕ್ಕದ ಬೀದಿಯ ಮಿತ್ಸು ಅಜ್ಜಿ ಒಂದು ಟವಲಿನ ಗಂಟು ಎದೆಗವಚಿಕೊಂಡು ಬಂದಳು. ಅವಳ ಗಂಡ ಕಿಮೊನೊ ಬಟ್ಟೆಯ ಮೇಲೆ ಹೂಬಳ್ಳಿ ಬರೆಯುತ್ತಿದ್ದವನು, ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಗಂಟಿನಲ್ಲಿ ರಟ್ಟಿಗೆ ಅಂಟಿಸಿದ ಒಂದು ಕಾಗದ. ಸೂರು ಸೋರಿ ಹಿಂದಿನ ರಟ್ಟಿನ ಕೆಳಗಿನ ಅರ್ಧ ತೊಯ್ದಿತ್ತು. ಕಾಗದದ ಮೇಲೆ ಪುಟ್ಟ ಹುಡುಗಿಯ ಮುಖ, ಬರೀ ನೀಲಿ ಗೆರೆಗಳಲ್ಲಿ.

"ನಮ್ಮ ಮಗಳು ಚಿಸೆ. ಏಳು ತುಂಬೋ ಮೊದಲೇ ಜ್ವರ ಬಂದು ಹೋಗ್ಬಿಟ್ಳು. ಫೋಟೊ ಐತೆ, ಆದ್ರೆ ಅದರಲ್ಲಿ ಸೆಟೆದುಕೊಂಡು ನಿಂತವ್ಳೆ. ಇದರಲ್ಲಿ ಮಾತ್ರ ನಗ್ತಾಳೆ" ಎಂದಳು ಅಜ್ಜಿ.

"ನಿಮ್ಮ ಯಜಮಾನ್ರು ಇದನ್ನ ಯಾವ ನೀಲಿಯಲ್ಲಿ ಬರೆದ್ರು ಅಜ್ಜಿ?" ಎಂದಳು ಕಿನುಯೊ ಅಕ್ಕ.

"ಇನ್ಯಾವುದು? ಕೆಲಸಕ್ಕೆ ತಂದಿದ್ದೇ."

ಕಿನುಯೊ ಅಕ್ಕನ ಮುಖ ಸಣ್ಣಗಾಯಿತು. ಬಟ್ಟೆಗೆ ಬಣ್ಣ ಹಾಕುವವರು ಮೊದಲು ಒಂದು ಕಾಡುಹೂವಿನ ರಸದಲ್ಲಿ ಗೆರೆ ಎಳೆಯುತ್ತಾರೆ. ಕೊನೆಗೆ ನೀರಿಗದ್ದಿದರೆ ಗೆರೆ ಗುರುತಿಲ್ಲದಂತೆ ಹೋಗಬೇಕು. ಅದಕ್ಕೆಂದೇ ಆ ನೀಲಿ. ಅಕ್ಕ ಸಾಸಿವೆಕಾಳಿನಷ್ಟು ಹತ್ತಿಯನ್ನು ಒದ್ದೆ ಮಾಡಿ ಕೂದಲಿನ ಒಂದು ಗೆರೆಯ ಅಂಚಿಗೆ ಮುಟ್ಟಿಸಿದಳು. ಹತ್ತಿ ನೀಲಿಯಾಯಿತು.

"ಅಂಟು ಹಚ್ಚೋದಲ್ವಾ ಅಕ್ಕಾ?" ಎಂದೆ.

"ಅಂಟಲ್ಲಿ ಇರೋದೂ ನೀರೇ ತಾನೆ? ಕಾಪಾಡೋಕೆ ಅಂತ ಹಚ್ಚಿದ್ದೇ ತಿಂದುಹಾಕತ್ತೆ."

ಹಾಗೆಂದು ಬಿಟ್ಟರೆ ರಟ್ಟಿನಲ್ಲಿದ್ದ ತೇವ ಮೇಲೇರುತ್ತಿತ್ತು. ಅವಳು ರಟ್ಟಿನ ಅಡಿಗೂ ಚಿತ್ರದ ಮೇಲೂ ಹೀರುಕಾಗದ ಇಟ್ಟಳು, ಗಳಿಗೆಗೊಮ್ಮೆ ಬದಲಿಸಿದಳು. ಬಿದಿರಿನ ಚೂರಿಯಿಂದ ರಟ್ಟನ್ನು ಹಿಂದಿನಿಂದ ಪದರ ಪದರವಾಗಿ ಬಿಡಿಸಿದಳು. ನಾನು ಹೀರುಕಾಗದ ಕತ್ತರಿಸಿ ಕೊಡುತ್ತಿದ್ದೆ. ತೆಗೆದ ಪ್ರತಿಯೊಂದರ ಮೇಲೂ ನಸುನೀಲಿ ಕಲೆ. ಇಟ್ಟರೂ ಬಣ್ಣ ಹೋಗುತ್ತಿತ್ತು, ಇಡದಿದ್ದರೂ ಹರಡುತ್ತಿತ್ತು. ಮೊದಲು ಗಲ್ಲದ ಗೆರೆ ಮಂಜಾಯಿತು. ಆಮೇಲೆ ತುಟಿ. ಅಕ್ಕ ಒಮ್ಮೆ ಚೂರಿ ಕೆಳಗಿಟ್ಟು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತಾ ಕೂತಳು.

ಎರಡನೆಯ ದಿನ ಕಾಗದ ಒಣಗಿತು. ಕಣ್ಣು, ಹಣೆ, ಕತ್ತರಿಸಿದ ಮುಂಗೂದಲು ಉಳಿದಿದ್ದವು. ಬಾಯಿದ್ದ ಕಡೆ ನೀಲಿ ಮಬ್ಬು.

ಅಜ್ಜಿ ಬಂದಾಗ ಅಕ್ಕ ನೆಲಕ್ಕೆ ಹಣೆ ಮುಟ್ಟಿಸಿ ಬಾಗಿದಳು. "ನನ್ನ ಕೈಲಿ ಆಗ್ಲಿಲ್ಲ ಅಜ್ಜಿ."

ಅಜ್ಜಿ ಬಹಳ ಹೊತ್ತು ನೋಡಿದಳು. "ತುಟಿ ಮಾತ್ರ ನೀವೇ ಬರೆದುಕೊಡೋಕಾಗಲ್ವಾ?"

"ನಾನು ಬರೆದರೆ ಅದು ನಾನು ಬರೆದ ನಗು ಆಗತ್ತೆ."

"ಹೌದಲ್ಲಾ" ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ಬೆಳಕೂ ಈ ಬಣ್ಣಕ್ಕೆ ಆಗದು, ಪೆಟ್ಟಿಗೆಯಲ್ಲೇ ಇಡಿ ಎಂದು ಅಕ್ಕ ಮೂರು ಸಲ ಹೇಳಿ ಕಳಿಸಿದಳು. ಎರಡು ವರ್ಷದ ಮೇಲೆ, ಅಜ್ಜಿಗೆ ಹುಷಾರಿಲ್ಲವೆಂದು ಕೇಳಿ, ನಾವಿಬ್ಬರೂ ಕೆಂಪು ಕಾಳಿನ ಹೂರಣದ ಸಿಹಿ ಕಟ್ಟಿಸಿಕೊಂಡು ನೋಡಲು ಹೋದೆವು. ಹಾಸಿಗೆಯ ಎದುರು, ಕಿಟಕಿಯ ಪಕ್ಕದಲ್ಲೇ ಚಿತ್ರ ತೂಗುತ್ತಿತ್ತು. ಹಳದಿಗೆ ತಿರುಗಿದ ಕಾಗದದಲ್ಲಿ ಕಣ್ಣುಗಳೂ ಕಂಡೂ ಕಾಣದಂತಿದ್ದವು.

"ಬೈಬೇಡಮ್ಮಾ. ಪೆಟ್ಟಿಗೆಯಲ್ಲಿಟ್ಟೆ, ನಾಲ್ಕು ದಿನ ತಡಕೊಂಡೆ" ಎಂದಳು ಅಜ್ಜಿ.

ಕಿನುಯೊ ಅಕ್ಕ ಬೈಯಲಿಲ್ಲ. ಎದ್ದು ಹೋಗಿ ಕಿಟಕಿಯ ಪರದೆಯನ್ನು ಅರ್ಧ ಎಳೆದಳು. ಅಜ್ಜಿ ಚಿತ್ರವನ್ನು ಹುಡುಕುವವಳಂತೆ ಕಣ್ಣು ಕಿರಿದು ಮಾಡಿದಾಗ ಅಕ್ಕ ಅದನ್ನು ಮತ್ತೆ ತೆರೆದುಬಿಟ್ಟಳು.