ಸುನೀಲನ ಹಡಗು ಪಾಸಾಗಲಿಲ್ಲ

ನನ್ನ ಗಂಡ ಕಮಲಾಕರ ಹೆಗಡೆಯವರದು ಹಡಗು ತಪಾಸಣೆ ಮಾಡುವ ಕೆಲಸ. ಅದು ಎಂಥದ್ದೆಂದು ಶಿರಸಿಯಲ್ಲಿ ಹೇಳಿ ಹೇಳಿ ನನಗಂತೂ ಸಾಕಾಗಿಹೋಗಿದೆ. ಬಸ್ಸಿಗೆ ಎಫ್‌ಸಿ ಮಾಡಿಸುವುದಿಲ್ಲವೇ, ಹಾಗೇ ಹಡಗಿಗೂ ಎಂದರೆ ಮಾತ್ರ ಜನ ತಲೆ ಅಲ್ಲಾಡಿಸುತ್ತಾರೆ. ಹಡಗಿನ ಕಬ್ಬಿಣದ ಹಾಳೆ ಎಷ್ಟು ದಪ್ಪ ಇರಬೇಕು, ತುಕ್ಕು ಹಿಡಿದು ಎಲ್ಲಿಯವರೆಗೆ ಸವೆಯಬಹುದು, ಎಷ್ಟು ಭಾರ ಹೇರಬಹುದು, ಎಲ್ಲದಕ್ಕೂ ನಿಯಮ ಇದೆ. ಇವರು ತಳದ ಕತ್ತಲೆ ಟ್ಯಾಂಕುಗಳಲ್ಲಿ ನುಸುಳಿ, ಅಳೆದು ನೋಡಿ ಸಹಿ ಹಾಕಿದರೇ ಹಡಗು ಹೊರಡಬೇಕು. ಮನೆಗೆ ಬಂದಾಗ ಮೈಯೆಲ್ಲ ತುಕ್ಕಿನ ವಾಸನೆ. ಮಂಡಿ ಹಿಡಿದುಕೊಂಡು "ಅಯ್ಯಪ್ಪಾ" ಎಂದು ಕೂತರೆ ಏಳುವ ತ್ರಾಣ ಇರುವುದಿಲ್ಲ.

ಇವರ ಅಕ್ಕ, ಭೈರುಂಬೆಯ ಗೋದಾವರಿ ಅತ್ತಿಗೆಯ ಮಗ ಸುನೀಲ ಸರಕು ಹಡಗಿನಲ್ಲಿ ಇಂಜಿನಿಯರ್. ಮೂವತ್ತೆಂಟು ದಾಟಿತ್ತು. ನಮ್ಮಲ್ಲಿ ಗಂಡುಮಕ್ಕಳಿಗೆ ಹೆಣ್ಣು ಸಿಗುವ ಕಷ್ಟ ಈ ಕಡೆಯವರಿಗೆ ಗೊತ್ತೇ ಇದೆ. ಕಡೆಗೂ ಸಿದ್ದಾಪುರದ ಕಡೆ ಒಂದು ಸಂಬಂಧ ಕೂಡಿಬಂದು ಮುಹೂರ್ತವೂ ನಿಶ್ಚಯವಾಯಿತು. ಅಷ್ಟರಲ್ಲಿ ಅವನ ಹಡಗು ಗೋವಾದಲ್ಲಿ ತಪಾಸಣೆಗೆ ನಿಂತಿತು. ಪಾಸಾದರೆ ಕೊಚ್ಚಿಗೆ ಹೋಗಿ, ಅಲ್ಲಿ ಬದಲಿ ಇಂಜಿನಿಯರಿಗೆ ಕೆಲಸ ಒಪ್ಪಿಸಿ, ಇಳಿದು ಮದುವೆಗೆ ಬರಬೇಕು. ಅಕ್ಕನ ಮಗ ಇದ್ದಾನೆ, ಬೇರೆಯವರನ್ನು ಕಳಿಸಿ ಎಂದು ಇವರು ಆಫೀಸಿನಲ್ಲಿ ಕೇಳಿಕೊಂಡಿದ್ದರು. ಯಾರಿಗೂ ಬಿಡುವಿರಲಿಲ್ಲ.

ಇವರೇ ಗೋವಾಕ್ಕೆ ಹೊರಡಬೇಕಾಯಿತು. ಅದರ ಮುನ್ನಾದಿನ ಅತ್ತಿಗೆ ನಮ್ಮನೆಗೆ ಬಂದರು. ಇವರು ಆಗಷ್ಟೇ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಕವಳ ಬಾಯಿಗೆ ಹಾಕಿಕೊಂಡಿದ್ದರು.

"ತಮಾ, ಸುನೀಲನ ಹಡಗು ನಿನ್ನ ಕೈಲೇ ಇದ್ದಡ. ಒಂದು ಪಾಸು ಮಾಡಿ ಕಳ್ಸಿಬುಡು" ಎಂದರು ಅತ್ತಿಗೆ.

ಕವಳ ಬಾಯಲ್ಲಿದ್ದಾಗ ನಮ್ಮಲ್ಲಿ ಯಾರು ಬಾಯಿ ಬಿಡುತ್ತಾರೆ? ಇವರು "ಹ್ಞೂಂ" ಎಂದು ಕೈಯಾಡಿಸಿ, ಉಗುಳಲು ಅಂಗಳಕ್ಕೆ ಎದ್ದರು. ಬರುವಷ್ಟರಲ್ಲಿ ಅತ್ತಿಗೆ ಬಸ್ಸು ತಪ್ಪುತ್ತದೆಂದು ಹೊರಟೇಬಿಟ್ಟಿದ್ದರು. ತಮ್ಮ ಒಪ್ಪಿದ್ದಾನೆ ಎಂದು ಬೀಗರಿಗೂ ಹೇಳಿಯಾಯಿತು. ಫೋನಾದರೂ ಮಾಡಿ ಹೇಳಿ ಎಂದು ನಾನು ರೇಗಿದೆ.

"ಹಡಗು ನೋಡದೇ ಆನು ಎಂತ ಹೇಳವು?" ಎಂದರು ಇವರು.

ಗೋವಾದಲ್ಲಿ ತಳದ ಟ್ಯಾಂಕಿಗೆ ಇಳಿದಾಗ ಟಾರ್ಚು ಹಿಡಿದು ಜೊತೆಗಿದ್ದವನು ಸುನೀಲನೇ. ಹಾಳೆಗಳು ನಿಯಮ ಒಪ್ಪುವುದಕ್ಕಿಂತ ಹೆಚ್ಚೇ ಸವೆದಿದ್ದವು. ಇವರು ಮತ್ತೆ ಮತ್ತೆ ಅಳೆದರಂತೆ, ಎಲ್ಲಾದರೂ ತಾನೇ ತಪ್ಪಿರಬಹುದೇ ಎಂಬ ಆಸೆಯಿಂದ.

"ಮಾವಾ, ಕೊಚ್ಚಿವರೆಗೆ ಒಂದೇ ಟ್ರಿಪ್ಪು. ಅಲ್ಲಿ ಆನು ಇಳಿದುಬಿಡ್ತೆ" ಎಂದನಂತೆ ಸುನೀಲ.

"ನೀ ಇಳಿದ ಮೇಲೆ ಹಡಗಲ್ಲಿ ಉಳಿದ ಜನ ಎಂತ ಮಾಡವು ತಮಾ?" ಎಂದರಂತೆ ಇವರು.

ಇವರು ಸಹಿ ಹಾಕಲಿಲ್ಲ. ಸವೆದ ಹಾಳೆ ಕತ್ತರಿಸಿ ಹೊಸದು ಬೆಸೆಯುವವರೆಗೆ ಇಂಜಿನಿಯರಿಗೆ ರಜೆ ಇಲ್ಲ ಎಂದಿತು ಕಂಪನಿ. ಮುಹೂರ್ತ ದಾಟಿಹೋಯಿತು. ಮಾತಿನ ಮೇಲೆ ನಿಲ್ಲದ ಮನೆ ಎಂದು ಹೆಣ್ಣಿನವರು ಸಂಬಂಧ ಮುರಿದರು. ಅತ್ತಿಗೆ ನನಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದರು. ನಾನೇನು ಕಡಿಮೆ? ಒಂದು ಸಹಿಗೆ ಇಷ್ಟೆಲ್ಲ ಬೇಕಿತ್ತಾ ಎಂದು ಇವರನ್ನು ಬೈದೆ. ಇವರು ಚಾಪೆ ಹಾಸಿ ಗೋಡೆಯ ಕಡೆ ತಿರುಗಿ ಮಲಗಿದರು.

ಮೊನ್ನೆ ಸುನೀಲ ರಜೆಗೆ ಬಂದಿದ್ದಾನೆಂದು ಭೈರುಂಬೆಗೆ ಹೋಗಿದ್ದೆವು. ಅತ್ತಿಗೆ ಬಾಳೆಲೆಗೆ ತಂಬುಳಿ ಬಡಿಸುತ್ತ ಮಗನನ್ನು ಕೇಳಿದರು, "ಆ ಹಡಗು ಈಗ ಎಲ್ಲಿದ್ದು?"

"ಓಡ್ತಾ ಇದ್ದು ಆಯಿ. ಮಳೆಗಾಲದಲ್ಲೂ ಓಡಿದ್ದು."

"ಎಂತ ತೊಂದ್ರೆನೂ ಆಜಿಲ್ಲೆ?"

"ಇಲ್ಲೆ."

ಅತ್ತಿಗೆ ಇವರ ಕಡೆ ತಿರುಗಿದರು. "ಕೇಳಿದ್ಯಾ ತಮಾ? ಎಂತೂ ಆಜಿಲ್ಲೆ. ನನ್ನ ಮಾಣಿ ಮದುವೆ ಸುಮ್ಮನೆ ಮುರೀತು."

ಹೊಸ ಹಾಳೆ ಹಾಕಿದ್ದಕ್ಕೇ ಅಲ್ಲವೇ ಏನೂ ಆಗದ್ದು, ಎಂದು ನನಗೆ ಗಂಟಲವರೆಗೆ ಬಂತು. ಇವರು ನನ್ನತ್ತ ನೋಡಿ ಬೇಡ ಎಂಬಂತೆ ತಲೆಯಾಡಿಸಿದರು. ಎದುರಿಗೆ ಸುನೀಲ ಅನ್ನ ಕಲಸುತ್ತ ಕೂತಿದ್ದ.

"ಹೌದು ಅಕ್ಕಾ" ಎಂದರು ಇವರು, ಅವನನ್ನೇ ನೋಡುತ್ತ. "ಎಂತೂ ಆಜಿಲ್ಲೆ."