ಗೋವೆಯ ವಕೀಲರೂ ನಮ್ಮ ಖೋಲಿಯೂ

ಮಾಟುಂಗದ ಚಾಳಿನಲ್ಲಿ ನಾವು ಉಳಿದದ್ದು ರಾಮನಾಥ ಮಾಮನ ದಯೆಯಿಂದ. ಇದನ್ನು ಯಾರೆದುರು ಹೇಳಲೂ ನನಗೆ ಸಂಕೋಚವಿಲ್ಲ.

ಅವರು ಗೋವೆಯ ಕಾಣಕೋಣದವರು. ಪೋರ್ಚುಗೀಸರ ಕೋರ್ಟಿನಲ್ಲಿ ವಕೀಲರಾಗಿದ್ದು, ಆ ಸರಕಾರದೊಡನೆ ಜಗಳ ಕಟ್ಟಿಕೊಂಡು ಐವತ್ನಾಲ್ಕರಲ್ಲಿ ಮುಂಬಯಿಗೆ ಬಂದರು. ಇಲ್ಲಿ ವಾದಿಸುವ ಸನದು ಇಲ್ಲದ್ದರಿಂದ ಪಕ್ಕದ ಸಯನ್ನಿನ ರಾಮಸ್ವಾಮಿ ವಕೀಲರ ಕೈಕೆಳಗೆ ಕೆಲಸ. ಮಧ್ಯಾಹ್ನದ ಊಟ ನಮ್ಮಲ್ಲಿ. ಅಪ್ಪ ಹೋದ ಮೇಲೆ ಅಮ್ಮ ವಾರಿಜಾ ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಹತ್ತಾರು ಜನಕ್ಕೆ ಊಟ ಹಾಕಿ ನನ್ನನ್ನು ಸಾಕುತ್ತಿದ್ದಳು.

ಚಾಳಿನ ಮಾಲಕನಿಗೆ ಅದು ಕಣ್ಣು ಕುಕ್ಕಿತು. ವಾಸಕ್ಕೆ ಕೊಟ್ಟ ಖೋಲಿಯಲ್ಲಿ ಹೋಟೆಲು ನಡೆಸುತ್ತಾಳೆ, ಖಾಲಿ ಮಾಡಿಸಿ ಎಂದು ದಾವೆ ಹಾಕಿದ. ಅವನ ಹೊಟ್ಟೆ ತಣ್ಣಗಿರಲಿ!

ರಾಮನಾಥ ಮಾಮ ಬಾಡಿಗೆ ಕಾಯಿದೆಯನ್ನೆಲ್ಲ ಓದಿ, ಸಪ್ಪೆ ಮುಖ ಮಾಡಿಕೊಂಡು ಬಂದರು.

“ವಾರಿಜಕ್ಕಾ, ವಾಸದ ಖೋಲಿಯಲ್ಲಿ ಅಡುಗೆ ಮಾಡಿ ಮಾರಬಹುದು ಅಂತ ಪುಸ್ತಕದಲ್ಲಿ ಎಲ್ಲೂ ಇಲ್ಲ. ಬೇರೆ ಜಾಗ ನೋಡುವುದೇ ಒಳ್ಳೆಯದು.”

“ಎಲ್ಲಿಗೆ ಹೋಗುದು ಮಾರಾಯ್ರೆ, ಈ ಹುಡುಗಿಯನ್ನು ಕಟ್ಟಿಕೊಂಡು?” ಎಂದಳು ಅಮ್ಮ. ಆದರೂ ದಿನ ಬಳಸದ ಪಾತ್ರೆಗಳನ್ನು ಗೋಣಿಗೆ ತುಂಬತೊಡಗಿದಳು.

ಸುದ್ದಿ ತಿಳಿದು ರಾಮಸ್ವಾಮಿಗಳು ರೇಗಿದರು. “ಏನ್ರೀ ರಾಮನಾಥ್, ಇದನ್ನೂ ಗೋವೆ ಅಂದ್ಕೊಂಡ್ರಾ? ಬರೀ ಕಾಯಿದೆ ನೋಡಿದ್ರೆ ಸಾಲ್ದು. ಹಿಂದೆ ಇಂಥ ಕೇಸಲ್ಲಿ ಹೈಕೋರ್ಟ್ ಏನು ಹೇಳಿದೆ ಹುಡುಕಿ. ಇಲ್ಲಿ ಅದೂ ಕಾನೂನೇ.”

ಗೋವೆಯಲ್ಲಿ ಕಾನೂನೆಲ್ಲ ಸರಕಾರ ಬರೆದಿಟ್ಟ ಸಂಹಿತೆಯ ಪುಸ್ತಕದೊಳಗೇ. ಒಬ್ಬರ ತೀರ್ಪು ಮುಂದಿನ ನ್ಯಾಯಾಧೀಶನ ಕೈ ಕಟ್ಟುತ್ತಿರಲಿಲ್ಲವಂತೆ. ಮಾಮ ಹುಡುಕಿದರು. ಮನೆಯಲ್ಲೇ ಬಟ್ಟೆ ಹೊಲಿದು ಕೊಡುತ್ತಿದ್ದ ಹೆಂಗಸೊಬ್ಬಳ ಪರವಾದ ತೀರ್ಪು ಸಿಕ್ಕಿತು. ಆದರೆ ಹೊಲಿಗೆ ಬೇರೆ, ಅಡುಗೆ ಬೇರೆಯಲ್ಲವೇ? ಅದನ್ನೇ ತಲೆಯಲ್ಲಿ ತುಂಬಿಕೊಂಡು ಒಂದು ದಿನ ತಡವಾಗಿ ಊಟಕ್ಕೆ ಬಂದರು. ಅಮ್ಮ ಎಲೆ ತೆಗೆದು, ನೆಲ ಒರೆಸಿ, ಉಂಡವರೆಲ್ಲ ಕೂತಿದ್ದ ಜಾಗದಲ್ಲೇ ಚಾಪೆ ಹಾಸಿ ಅಡ್ಡಾಗಿದ್ದಳು. ಗಡಬಡಿಸಿ ಎದ್ದಳು. ಮಾಮ ಬಾಗಿಲಲ್ಲೇ ನಿಂತುಬಿಟ್ಟರು.

“ಆ ಜಡ್ಜ್ ನೋಡಿದ್ದು ಹೊಲಿಗೆ ಮಿಶನ್ನನ್ನಲ್ಲ ವಾರಿಜಕ್ಕಾ! ಅವಳು ಮಲಗುವುದೂ ಅಲ್ಲೇ, ಬಾಳುವುದೂ ಅಲ್ಲೇ, ಅದನ್ನು ನೋಡಿದರು. ನೀವೂ ಹಾಗೇ ಅಲ್ಲವಾ? ಗೋಣಿ ಬಿಚ್ಚಿ!”

ಊಟ ಮರೆತು ಸಯನ್ನಿಗೆ ಓಡಿದರು.

ರಾಮಸ್ವಾಮಿಗಳು ಅದನ್ನೇ ವಾದಿಸಿದರು. ಮಾಲಕ ಹೈಕೋರ್ಟಿಗೂ ಎಳೆದ, ಅಲ್ಲಿಯೂ ಮಣ್ಣು ಮುಕ್ಕಿದ. ಖೋಲಿ ನಮಗೇ ಉಳಿಯಿತು. ಉಪಕಾರವಾಯಿತು ಎಂದು ಬಾಯಿಬಿಟ್ಟು ಹೇಳಲು ಅಮ್ಮನಿಗೆ ಬರುತ್ತಿರಲಿಲ್ಲ. ಮಾಮ ಕೈ ಅಡ್ಡ ಹಿಡಿದರೂ ಬಿಡದೆ ತುಪ್ಪ ಸುರಿಯುತ್ತಿದ್ದಳು.

ಒಂದೆರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಮಾಮ ಏದುಸಿರು ಬಿಡುತ್ತ ಬಂದರು.

“ಪರೇಲಿನಲ್ಲಿ ಹಪ್ಪಳ ಮಾಡಿ ಮಾರುವ ವಿಧವೆಯೊಬ್ಬಳ ಮನೆ ಇವತ್ತು ಉಳಿಯಿತು. ಅವಳ ವಕೀಲ ಕೋರ್ಟಿನಲ್ಲಿ ಓದಿದ್ದು ನಿಮ್ಮ ಕೇಸಿನ ಹೈಕೋರ್ಟ್ ತೀರ್ಪು, ನಿಮ್ಮ ಹೆಸರು.”

ಅಪ್ಪ ಸತ್ತಾಗಲೂ ನನ್ನೆದುರು ಅಳದ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, “ಅವಳನ್ನು ಒಮ್ಮೆ ಊಟಕ್ಕೆ ಕರ್ಕೊಂಡು ಬನ್ನಿ ಮಾರಾಯ್ರೆ” ಎಂದಳು.